ಮಳೆಗಾಲದ ಶಿಷ್ಯವೃತ್ತಿ

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1881ರಲ್ಲಿ ಮೈಸೂರು ಸರ್ಕಾರದ ಶಿಷ್ಯವೃತ್ತಿಯ ಬಲದಿಂದ ಪುಣೆಗೆ ಬಂದರು. ಇಲ್ಲಿನ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, 1883ರಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಕೂತವು. ಹಣ ಕೊಟ್ಟು ಕಳಿಸಿದ ಮೈಸೂರಿಗೆ ಅವರು ಮುಖ್ಯ ಇಂಜಿನಿಯರರಾಗಿ ಮರಳಿದ್ದು 1909ರಲ್ಲಿ. ಲೆಕ್ಕ ಹಾಕಿದರೆ, ಓದು ಮುಗಿದು ಇಪ್ಪತ್ತಾರು ವರ್ಷಗಳ ಮೇಲೆ. ನಮ್ಮಂಥ ಕಚೇರಿಗಳಲ್ಲಾಗಿದ್ದರೆ ಆ ವೆಚ್ಚದ ಮೇಲೆ ಲೆಕ್ಕಪರಿಶೋಧಕರು ನಾಲ್ಕಾರು ಬಾರಿಯಾದರೂ ಆಕ್ಷೇಪಣೆ ಬರೆದಿರುತ್ತಿದ್ದರು.

ಅಂದಿನ ಆ ಕಾಲೇಜೇ ಇಂದಿನ ಸಿಒಇಪಿ. ಅಲ್ಲೀಗ ಮುಕ್ತ ತಂತ್ರಾಂಶ ಬಳಸುವ, ಕಟ್ಟುವ ವಿದ್ಯಾರ್ಥಿಗಳ ಬಳಗವೊಂದಿದೆ. ಕಳೆದ ಎರಡು ದಶಕಗಳಲ್ಲಿ ಪುಣೆಯ ವಿದ್ಯಾರ್ಥಿಗಳಿಗೆ ಒದಗಿದ ಹೊಸ ಬಗೆಯ ಶಿಷ್ಯವೃತ್ತಿಯ ಚರಿತ್ರೆಯನ್ನು ಬರೆಯಹೊರಟರೆ ಅಲ್ಲಿಂದಲೇ ಆರಂಭಿಸುವುದು ಸರಿ ಎನಿಸಿತು. ಈ ಶಿಷ್ಯವೃತ್ತಿಯನ್ನು ಕೊಡುವವರು ರಾಜರಲ್ಲ, ದಿವಾನರಲ್ಲ. ಒಂದು ತಂತ್ರಾಂಶವನ್ನು ಕಟ್ಟುತ್ತಿರುವ, ಒಬ್ಬರ ಮುಖವನ್ನೊಬ್ಬರು ಕಾಣದ ಕೆಲವು ಮಂದಿ.

ಮುಕ್ತ ತಂತ್ರಾಂಶವೆಂದರೆ ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದಾಗ ಈ ತತ್ತ್ವಕ್ಕೊಂದು ನೆಲೆ ಸಿಕ್ಕಿತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯತೊಡಗಿದಾಗ ಅದಕ್ಕೊಂದು ಊರೇ ಹುಟ್ಟಿತು. ಊರೆಂದ ಮೇಲೆ ಹೊಸಬರು ಬರಲೇಬೇಕು, ಬಂದವರಿಗೆ ದಾರಿ ತೋರಲೇಬೇಕು. ಎಷ್ಟೋ ವರ್ಷ ಇದು ಬಾಯಿಮಾತಿನ ವ್ಯವಹಾರವಾಗಿತ್ತು. ಜಗುಲಿಗೆ ಬಂದ ಹುಡುಗ ಗಟ್ಟಿಗನಾದರೆ ಒಳಗೆ ಬಂದ, ಸಂಕೋಚದವನಾದರೆ ಹಾಗೆಯೇ ಹೊರಟುಹೋದ.

2005ರಲ್ಲಿ ಗೂಗಲ್ ಸಂಸ್ಥೆ ಇದಕ್ಕೊಂದು ಕ್ರಮ ತಂದಿತು. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಯೊಬ್ಬ ಯಾವುದಾದರೂ ಮುಕ್ತ ತಂತ್ರಾಂಶ ಯೋಜನೆಗೆ ದುಡಿದರೆ ಅವನಿಗೆ 4,500 ಡಾಲರ್, ಅವನಿಗೆ ಮಾರ್ಗದರ್ಶನ ಮಾಡಿದ ಯೋಜನೆಗೆ 500 ಡಾಲರ್. ಹೆಸರು 'ಸಮ್ಮರ್ ಆಫ್ ಕೋಡ್'. ಮೊದಲ ವರ್ಷ 200 ಮಂದಿಗೆಂದು ಹೊರಟ ಯೋಜನೆಗೆ 8,700ಕ್ಕೂ ಹೆಚ್ಚು ಪ್ರಸ್ತಾವಗಳು ಬಂದು, ಆಯ್ಕೆಯನ್ನು 400ರ ಆಚೆಗೆ ಹಿಗ್ಗಿಸಬೇಕಾಯಿತು. ಬೇಸಿಗೆಯೆಂಬುದು ಅಮೆರಿಕದವರ ಬೇಸಿಗೆ ಎಂಬುದನ್ನು ನೆನಪಿಡಬೇಕು. ಮೇ ತಿಂಗಳಿನಲ್ಲಿ ನಮ್ಮ ಹುಡುಗರಿಗೆ ವಿಶ್ವವಿದ್ಯಾಲಯದ ಪರೀಕ್ಷೆ. ಕೆಲಸ ಬಿರುಸಾಗುವ ಜುಲೈನಲ್ಲಿ ಮುಠಾ ನದಿ ತುಂಬಿ, ಹಾಸ್ಟೆಲಿನ ವಿದ್ಯುತ್ತು ಹೋಗಿ ಬಂದು ಮಾಡುವ ಮಳೆಗಾಲ. ಆದರೂ ಇತ್ತೀಚಿನ ವರ್ಷಗಳಲ್ಲಿ ಆಯ್ಕೆಯಾದವರ ಪೈಕಿ ಭಾರತದವರದೇ ದೊಡ್ಡ ಪಾಲು. ಹಾಗೆಂದು ಬೀಗುವಂತೆಯೂ ಇಲ್ಲ. ಮೊದಲ ಹತ್ತು ವರ್ಷಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಿದ ವಿದ್ಯಾಲಯ ನಮ್ಮ ಯಾವ ಐಐಟಿಯೂ ಅಲ್ಲ, ಶ್ರೀಲಂಕಾದ ಮೊರಟುವ ವಿಶ್ವವಿದ್ಯಾಲಯ.

ಇದೇ ಕಾಲದ ಇನ್ನೊಂದು ಪ್ರಸಂಗ ಹೇಳಲೇಬೇಕಾದದ್ದು. 2006ರಲ್ಲಿ ಗ್ನೋಮ್ ಯೋಜನೆಗೆ ಈ ಕಾರ್ಯಕ್ರಮದ ಮೂಲಕ ಸುಮಾರು 180 ಅರ್ಜಿಗಳು ಬಂದವು. ಅವುಗಳಲ್ಲಿ ಹೆಣ್ಣುಮಕ್ಕಳದು ಒಂದೂ ಇರಲಿಲ್ಲ. ಯೋಜನೆಯವರು ಮಹಿಳೆಯರಿಗೆಂದೇ ಮೂರು ಸ್ಥಾನಗಳನ್ನು ಪ್ರಕಟಿಸಿದಾಗ ನೂರಕ್ಕೂ ಹೆಚ್ಚು ಅರ್ಜಿಗಳು ಬಂದವು. ಆರು ಮಂದಿಯನ್ನು ತೆಗೆದುಕೊಂಡರು. ಇಂದು 'ಔಟ್‌ರೀಚಿ' ಎಂದು ಕರೆಯುವ ಕಾರ್ಯಕ್ರಮ ಅಲ್ಲಿಂದ ಬೆಳೆದದ್ದು. ಅರ್ಹರು ಇರಲಿಲ್ಲವೆಂಬ ಮಾತು ಒಂದೇ ಬೇಸಿಗೆಯಲ್ಲಿ ಸುಳ್ಳಾಯಿತು. ಕರೆದಿರಲಿಲ್ಲ, ಅಷ್ಟೇ.

ಪುಣೆಗೆ ಬರೋಣ. ಭಾರತೀಯ ಲಿಪಿಗಳ ಗಣಕ ಚರಿತ್ರೆಯಲ್ಲಿ ಈ ಊರಿನ ಪಾಲು ದೊಡ್ಡದು. 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಸ್ಥಾಪನೆಯಾಯಿತು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನ ಇಲ್ಲಿಗೆ ಬಂದು ಬೆಳೆಯಿತು. ಆ ಕಾಲದಲ್ಲಿ ಕನ್ನಡದಲ್ಲಿ ಟೈಪು ಮಾಡಬೇಕಾದರೆ ಯಂತ್ರದೊಳಗೆ ಒಂದು ಕಾರ್ಡನ್ನೇ ಕೂರಿಸಬೇಕಿತ್ತು. ಶ್ರೀಲಿಪಿಯನ್ನು ತಯಾರಿಸಿದ ಮಾಡ್ಯುಲರ್ ಇನ್ಫೋಟೆಕ್ ಕೂಡ ಪುಣೆಯದೇ. ಎಷ್ಟೋ ಕನ್ನಡ ಅಚ್ಚುಕೂಟಗಳ ಅಕ್ಷರಗಳು ಮರಾಠಿ ನೆಲದಿಂದ ಹೋದವು ಎಂಬುದನ್ನು ಕನ್ನಡ-ಮರಾಠಿ ಗಡಿಯ ಬಗ್ಗೆ ಬಿಸಿಯಾಗಿ ಮಾತಾಡುವ ಎರಡೂ ಕಡೆಯವರು ಸಾಮಾನ್ಯವಾಗಿ ನೆನೆಯುವುದಿಲ್ಲ.

ಇವೆಲ್ಲ ಮುಚ್ಚಿದ ಪೆಟ್ಟಿಗೆಗಳು. ಕೊಂಡವರು ಬಳಸಬಹುದಿತ್ತು, ಒಳಗೆ ಇಣುಕುವಂತಿರಲಿಲ್ಲ. ಆದ್ದರಿಂದ ವಿದ್ಯಾರ್ಥಿ ಅವುಗಳಿಂದ ಏನನ್ನೂ ಕಲಿಯುವಂತಿರಲಿಲ್ಲ. ಈ ಸ್ಥಿತಿ ಬದಲಾದದ್ದು ಲೋಹಿತ್ ಅಕ್ಷರಗಳಿಂದ. ರೆಡ್ ಹ್ಯಾಟ್ ಸಂಸ್ಥೆ ಮಾಡ್ಯುಲರ್‌ನವರಿಂದ ಪಡೆದ ಭಾರತೀಯ ಲಿಪಿಗಳ ಅಕ್ಷರವಿನ್ಯಾಸಗಳನ್ನು 2004ರಲ್ಲಿ ಮುಕ್ತ ಪರವಾನಗಿಯಡಿ ಹೊರತಂದಿತು. ಕನ್ನಡವೂ ಆ ಕುಟುಂಬಕ್ಕೆ ಸೇರಿತು. ಲೋಹಿತವೆಂದರೆ ಕೆಂಪು. ಕೆಂಪು ಟೋಪಿಯ ಕಂಪನಿಗೆ ಯಾರೋ ಸಂಸ್ಕೃತ ಬಲ್ಲವರು ಹೆಸರಿಟ್ಟಿರಬೇಕು. ಸಂಸ್ಥೆಯ ಪುಣೆ ಕಚೇರಿಯಲ್ಲಿ ಈ ಅಕ್ಷರಗಳ ಪಾಲನೆ, ಭಾರತೀಯ ಭಾಷೆಗಳಿಗೆ ಅನುವಾದದ ಕೆಲಸ ವರ್ಷಗಟ್ಟಲೆ ನಡೆದವು. ಸಿಂಬಯಾಸಿಸ್‌ನ ಗಣಕ ಅಧ್ಯಯನ ಸಂಸ್ಥೆಯಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಿದ್ದ 'ಗ್ನೂನಿಫೈ' ಸಮ್ಮೇಳನಕ್ಕೆ ಇಂಥ ಕೆಲಸಗಾರರು ಬಂದು ಹುಡುಗರ ಪಕ್ಕದಲ್ಲಿ ಕೂರುತ್ತಿದ್ದರು.

ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದ ಅಧ್ಯಾಯಕ್ಕೆ ಕಂಪನಿಯ ಹೆಸರಿಲ್ಲ. ಪಶ್ಚಿಮ ಬಂಗಾಳದ ಉಕ್ಕಿನ ಊರು ದುರ್ಗಾಪುರದಲ್ಲಿ 2004ರಲ್ಲಿ ಲಿನಕ್ಸ್ ಬಳಕೆದಾರರ ಬಳಗವೊಂದು ಹುಟ್ಟಿತು. ಅದನ್ನು ಕಟ್ಟಿದ ಕುಶಾಲ್ ದಾಸ್ ಮುಂದೆ ಪುಣೆಗೆ ಬಂದು ರೆಡ್ ಹ್ಯಾಟ್‌ನಲ್ಲಿ ಹಲವು ವರ್ಷ ಕೆಲಸ ಮಾಡಿದರು. 2008ರಿಂದ ಈ ಬಳಗ ಪ್ರತಿ ಬೇಸಿಗೆಯಲ್ಲೂ ಉಚಿತ ತರಬೇತಿ ನಡೆಸುತ್ತ ಬಂದಿತು. ತರಗತಿ ನಡೆಯುವುದು ಐಆರ್‌ಸಿ ಎಂಬ ಹಳೆಯ ಕಾಲದ ಹರಟೆಕಟ್ಟೆಯಲ್ಲಿ. ಅಲ್ಲಿ ಚಿತ್ರವಿಲ್ಲ, ಧ್ವನಿಯಿಲ್ಲ, ಬರೀ ಅಕ್ಷರ. ಎಷ್ಟೇ ನಿಧಾನದ ಸಂಪರ್ಕವಿದ್ದರೂ ನಡೆಯುತ್ತದೆ. ಮೊದಲು ಹಾಜರಿ. ಪ್ರಶ್ನೆ ಇದ್ದವನು ಕೂಡಲೇ ಕೇಳುವಂತಿಲ್ಲ. ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನಷ್ಟೇ ಒತ್ತಿ ಸರದಿಗೆ ಕಾಯಬೇಕು. ಮೊದಲ ಪಾಠಗಳು ಪ್ರೋಗ್ರಾಮಿಂಗಿನವೂ ಅಲ್ಲ: ಪತ್ರವ್ಯವಹಾರದ ಶಿಷ್ಟಾಚಾರ, ಪ್ರಶ್ನೆಯನ್ನು ಹೇಗೆ ಕೇಳಬೇಕು, ಕಲಿತದ್ದನ್ನು ಹೇಗೆ ಬರೆದಿಡಬೇಕು. ಪೈಥಾನ್ ಭಾಷೆಯ ಪಾಠ ಆಮೇಲೆ.

ಇದು ನಮಗೆ ತೀರ ಅಪರಿಚಿತವೇನಲ್ಲ. ಗದಗಿನ ಭೀಮಸೇನ ಜೋಶಿಯವರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತ ಕಥೆ, 1953ರಿಂದ ಆ ಗುರುವಿನ ಹೆಸರಿನ ಸಂಗೀತೋತ್ಸವ ನಡೆಯುತ್ತಿರುವ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಮುಕ್ತ ತಂತ್ರಾಂಶದಲ್ಲೂ ಹೊಸಬನಿಗೆ ಮೊದಲು ಸಿಗುವುದು ನೀರು ಹೊರುವ ಕೆಲಸವೇ: ಕೈಪಿಡಿಯ ಕಾಗುಣಿತ ತಿದ್ದುವುದು, ಯಾರೋ ವರದಿ ಮಾಡಿದ ದೋಷ ತನ್ನ ಯಂತ್ರದಲ್ಲೂ ಕಾಣುತ್ತದೆಯೇ ನೋಡುವುದು. ವ್ಯತ್ಯಾಸವಿರುವುದು ಇನ್ನೊಂದೆಡೆ. ಗುರುಮನೆಯ ಪಾಠ ಗೋಡೆಗಳ ಒಳಗೆ ನಡೆಯಿತು. ಇಲ್ಲಿ ಗುರು ತಿದ್ದಿದ ಪ್ರತಿಯೊಂದು ಸಾಲೂ ಲೋಕದ ಕಣ್ಣೆದುರಿಗಿರುತ್ತದೆ. ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ. ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' ಹಸ್ತಪ್ರತಿಯನ್ನು ಎಜ್ರಾ ಪೌಂಡ್ ಹೇಗೆ ಕತ್ತರಿಸಿದ ಎಂಬುದನ್ನು ಓದುಗರು ಕಂಡದ್ದು ಕವಿತೆ ಪ್ರಕಟವಾಗಿ 49 ವರ್ಷಗಳ ನಂತರ, 1971ರಲ್ಲಿ. ತಂತ್ರಾಂಶದ ವಿದ್ಯಾರ್ಥಿಗೆ ಅಂಥ ಪೌಂಡ್ ಪ್ರತಿದಿನ ಸಿಗುತ್ತಾನೆ, ಕತ್ತರಿಸಿದ ಗುರುತೂ ಆ ಕ್ಷಣವೇ ಉಳಿಯುತ್ತದೆ. ಕಚೇರಿ ಕಡತದ ಹಸಿರು ಹಾಳೆಯ ಟಿಪ್ಪಣಿಯಂತೆ ಯಾರು, ಯಾವಾಗ, ಏನು ಬದಲಿಸಿದರು, ಏಕೆ ಎಂಬುದೆಲ್ಲ ದಾಖಲು. ನಮ್ಮ ಕಡತವನ್ನು ಓದಲು ಮಾತ್ರ ಮಾಹಿತಿ ಹಕ್ಕಿನ ಅರ್ಜಿ ಬೇಕು.

ಗುರುವಿಲ್ಲದೆ ವೃತ್ತಿ ಮಾತ್ರ ಉಳಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. ಅಕ್ಟೋಬರಿನಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಆಗ ಟಿ-ಶರ್ಟು ಕೊಡುತ್ತಿದ್ದ 'ಹ್ಯಾಕ್ಟೋಬರ್‌ಫೆಸ್ಟ್' ಎಂಬ ಉತ್ಸವವಿದೆ. 2020ರಲ್ಲಿ ನಮ್ಮ ದೇಶದ ಯೂಟ್ಯೂಬ್ ವಿಡಿಯೊವೊಂದನ್ನು ನೋಡಿದ ಹುಡುಗರು ಕಂಡ ಕಂಡ ಯೋಜನೆಗಳ ಕೈಪಿಡಿಗಳಿಗೆ 'ಅದ್ಭುತ' ಎಂಬಂಥ ಒಂದೆರಡು ಪದ ಸೇರಿಸಿ ಕಳಿಸತೊಡಗಿದರು. ಯೋಜನೆಗಳ ಪಾಲಕರು ರೋಸಿಹೋದರು; ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಎಂದು ಸಂಘಟಕರು ಆ ತಿಂಗಳಲ್ಲೇ ನಿಯಮ ಬದಲಿಸಬೇಕಾಯಿತು. ಹುಡುಗರನ್ನಷ್ಟೇ ದೂರುವುದು ನನಗೆ ಒಪ್ಪಿಗೆಯಿಲ್ಲ. ಕಾಗದ ತೋರಿಸಿದರೆ ಅಂಕ ಸಿಗುವ ಕಾಲೇಜುಗಳಲ್ಲಿ ಬೆಳೆದವರು ಟಿ-ಶರ್ಟಿನಲ್ಲೂ ಅದೇ ತರ್ಕವನ್ನು ಕಂಡರು. ಮೊದಲು ಕೈ ಎತ್ತಿ ಸರದಿಗೆ ಕಾಯುವುದನ್ನು ಕಲಿಸಿದವರು ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

ಕನ್ನಡದ ಮಾತಿಗೆ ಬರುತ್ತೇನೆ. ನಮ್ಮಲ್ಲಿ ದೊಡ್ಡ ಕೆಲಸಗಳಾಗಿವೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಸರ್ಕಾರದ 'ನುಡಿ', ಮುಕ್ತ ಪರವಾನಗಿಯ 'ಗುಬ್ಬಿ', 'ನವಿಲು' ಅಕ್ಷರಗಳು. ಹೊರನಾಡಿನಲ್ಲಿ ಕೂತು ಕನ್ನಡ ಬರೆಯುವ ನಮ್ಮ ಪೀಳಿಗೆ ಇವರೆಲ್ಲರ ಋಣದಲ್ಲಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಒಬ್ಬಿಬ್ಬರ ಸಾಹಸ. ಕೆಲಸವನ್ನು ಮುಂದಿನವರ ಕೈಗೆ ದಾಟಿಸುವ ಏರ್ಪಾಡು ನಮ್ಮಲ್ಲಿ ತೆಳುವಾಗಿಯೇ ಉಳಿಯಿತು. ನೆರೆಯ ಕೇರಳವನ್ನು ನೋಡಿ: 2002ರಲ್ಲಿ ಹುಟ್ಟಿದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' 2007ರಷ್ಟು ಹಿಂದೆಯೇ ಗೂಗಲ್ ಬೇಸಿಗೆಗೆ ಮಾರ್ಗದರ್ಶಕ ಸಂಸ್ಥೆಯಾಗಿ ಆಯ್ಕೆಯಾಯಿತು, 2013ರಲ್ಲಿ ಮತ್ತೆ. ಒಂದು ಭಾಷೆಯ ಕೀಲಿಮಣೆ, ಅಕ್ಷರ, ಕಾಗುಣಿತದ ಕೆಲಸಕ್ಕೆ ವಿದ್ಯಾರ್ಥಿಗಳು ಸಂಬಳ ಪಡೆದು ದುಡಿದರು.

ಕನ್ನಡದಲ್ಲಿ ಅಂಥ ಕೆಲಸವೇನಿದೆ ಎಂದು ಕೇಳುವವರಿಗೆ ಒಂದೇ ಉದಾಹರಣೆ. 'ಸೂರ್ಯ' ಎಂದು ಬರೆದಾಗ ರಕಾರ ಅರ್ಕಾವೊತ್ತಾಗಿ ಬಲಕ್ಕೆ ಹೋಗುತ್ತದೆ. ಅದು ನಮಗೆ ಬೇಕಾದದ್ದೇ. ಆದರೆ 'ರ‍್ಯಾಂಕ್' ಎಂದು ಬರೆಯಲು ಪೂರ್ಣ ರಕಾರದ ಕೆಳಗೆ ಯ ಒತ್ತು ಬೇಕು. ಯುನಿಕೋಡಿನಲ್ಲಿ ಅದಕ್ಕಾಗಿ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಇಡಬೇಕು. ಪಠ್ಯವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವಾಗ ಆ ಚಿಹ್ನೆ ಕಳಚಿಬೀಳಬಹುದು. ಹುಡುಕಾಟದಲ್ಲಿ ಚಿಹ್ನೆಯಿದ್ದ ಪದ, ಇಲ್ಲದ ಪದ ಬೇರೆ ಬೇರೆ ಎಂದಾಗಬಹುದು. ಇನ್ನು ಕಾಗುಣಿತ ಪರೀಕ್ಷಕ: 'ಮನೆಗಳಲ್ಲಿದ್ದವರಿಗೂ' ಎಂಬುದು ನಮಗೆ ಒಂದೇ ಪದ, ಯಂತ್ರದ ನಿಘಂಟಿನಲ್ಲಿ ಅದಿಲ್ಲ. ಬಹುವಚನ, ವಿಭಕ್ತಿ, ಸಂಧಿ, ಕೃದಂತ ಎಲ್ಲವನ್ನೂ ನಿಯಮಗಳಾಗಿ ಬಿಡಿಸಿ ಕೊಡಬೇಕು. ಪುಣೆಯ ಯಾವ ಕಾಲೇಜಿನ ಹುಡುಗಿಯೂ ಒಂದು ಮಳೆಗಾಲದಲ್ಲಿ ಅದರ ಸಂಕೇತ ಬರೆದಾಳು. ನಿಯಮ ಸರಿಯೇ ಎಂದು ಹೇಳುವವರು ವ್ಯಾಕರಣ ಪಾಠ ಮಾಡಿದವರೇ ಆಗಬೇಕು. ಅಂದರೆ ಇಲ್ಲಿ ಗುರುವಿನ ಅರ್ಧ ಪಾತ್ರ ಪ್ರೋಗ್ರಾಮರನದಲ್ಲ. ಈ ಪುಟವನ್ನು ಓದುತ್ತಿರುವ, ನಿವೃತ್ತ ಕನ್ನಡ ಅಧ್ಯಾಪಕರನ್ನೂ ಒಳಗೊಂಡ, ನಮ್ಮಂಥ ಬಳಗಗಳದ್ದು.

2022ರಿಂದ ಗೂಗಲ್ ಕಾರ್ಯಕ್ರಮ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ಮಾರ್ಗದರ್ಶಕ ಸಂಸ್ಥೆಗಳು ವರ್ಷದ ಆರಂಭದಲ್ಲೇ ಅರ್ಜಿ ಹಾಕಬೇಕು. ಹೊಣೆ ಹೊರಲು ಕನಿಷ್ಠ ಇಬ್ಬರು ಬೇಕು. ಅರ್ಜಿಯ ಜೊತೆ, ಹೊಸಬರು ಕೈಗೆತ್ತಿಕೊಳ್ಳಬಹುದಾದ ಕೆಲಸಗಳ ಪಟ್ಟಿ ಬೇಕು. ಪಟ್ಟಿಯ ಮೊದಲ ಸಾಲಿಗೆ 'ರ‍್ಯಾಂಕ್' ಪದವನ್ನೇ ಇಡಬಹುದು.