ತಂಪಿನ ಕಸುಬು, ಅದರ ಕಲಿಕೆ

ಚಳಿಗಾಲದ ರಾತ್ರಿ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೀರು ಹರವಿ ಮಂಜುಗಡ್ಡೆ ತೆಗೆಯುವ ಕಲೆ ಉತ್ತರ ಭಾರತಕ್ಕೆ ಹಿಂದಿನಿಂದಲೂ ಗೊತ್ತಿತ್ತಾದರೂ, 1833ರಲ್ಲಿ ಅಮೆರಿಕದ ಬೋಸ್ಟನ್‌ನಿಂದ ಹಡಗಿನಲ್ಲಿ ಬಂದ ಮಂಜುಗಡ್ಡೆ ಕಲ್ಕತ್ತೆಯಲ್ಲಿ ಇಳಿದ ಮೇಲೆ ತಂಪು ಕಡಲಾಚೆಯಿಂದ ತರಿಸುವ ಸರಕೂ ಆಯಿತು. ಮುಂದೆ ತಂಪು ಮಾಡುವ ಯಂತ್ರಗಳು ಬಂದಾಗ ಅವುಗಳ ರಿಪೇರಿಯನ್ನು ಎಷ್ಟೋ ಹುಡುಗರು ಕಲಿತದ್ದು ಗ್ಯಾರೇಜಿನ ಉಸ್ತಾದರ ಪಕ್ಕದಲ್ಲಿ ಪಾನಾ ಹಿಡಿದು ನಿಂತು. ಆ ಕಲಿಕೆಯಲ್ಲಿ ಕೈ ಪಳಗುತ್ತಿತ್ತು, ಕಾರಣ ಮಾತ್ರ ಹೆಚ್ಚಾಗಿ ತಿಳಿಯುತ್ತಿರಲಿಲ್ಲ.

ಕೇಂದ್ರ ಸರ್ಕಾರವು 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿದ ಬಳಿಕ ಬೆಳೆದ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐಟಿಐ) ಈ ಕಸುಬು ಎರಡು ವರ್ಷದ ಪಠ್ಯವಾಯಿತು. ತಾಮ್ರದ ಕೊಳವೆಯ ತುದಿಯನ್ನು ಬಿರುಕು ಬಿಡದಂತೆ ಕಹಳೆಯ ಬಾಯಿಯಂತೆ ಅರಳಿಸುವ ‘ಫ್ಲೇರಿಂಗ್’ ಇಲ್ಲಿನ ಮೊದಮೊದಲ ಪಾಠಗಳಲ್ಲೊಂದು. ಅಂಚು ಕೂದಲೆಳೆಯಷ್ಟು ಸೀಳಿದರೂ ಜೋಡಣೆಯಲ್ಲಿ ತಂಪು ಮಾಡುವ ಗ್ಯಾಸ್ ಸೋರುವುದರಿಂದ, ಇದು ನೋಡಲು ಸಣ್ಣದಾದರೂ ಕಸುಬಿನ ನಿಜವಾದ ಒರೆಗಲ್ಲು.

ಓಜೋನ್ ಪದರದ ರಕ್ಷಣೆಗಾಗಿ ರೂಪುಗೊಂಡ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿದ್ದರಿಂದ, ಆ ಪದರಕ್ಕೆ ಹಾನಿ ಮಾಡುವ ಹಳೆಯ ಗ್ಯಾಸನ್ನು ಗಾಳಿಗೆ ಬಿಡುವ ರೂಢಿಯ ಬದಲು ಅದನ್ನು ಸಿಲಿಂಡರಿಗೆ ಎಳೆದುಕೊಳ್ಳುವ ‘ರಿಕವರಿ’ ವಿಧಾನವನ್ನು ಮೆಕ್ಯಾನಿಕ್‌ಗಳಿಗೆ ಕಲಿಸಬೇಕಾಯಿತು. ಈಗ ಫ್ರಿಜ್‌ಗಳಲ್ಲಿ ಹಳೆಯ ಗ್ಯಾಸಿನ ಬದಲು ಬಳಕೆಯಲ್ಲಿರುವ ಆರ್-600ಎ ಎಂಬುದು ಐಸೋಬ್ಯುಟೇನ್, ಅಂದರೆ ಬೆಂಕಿ ಹತ್ತುವ ಅನಿಲ.