ಉದ್ಯೋಗದ ಅಭದ್ರತೆ: ಸಂಸ್ಥೆಗಳ ಪುನರ್ರಚನೆಯ ಕಾಲದಲ್ಲಿ

ಇರುವ ಕೆಲಸ ಉಳಿಯುವುದೋ ಇಲ್ಲವೋ ಎಂಬ ಆತಂಕದೊಡನೆ, ಅದನ್ನು ಉಳಿಸಿಕೊಳ್ಳುವುದು ತಮ್ಮ ಕೈಯಲ್ಲಿಲ್ಲ ಎಂಬ ಭಾವನೆಯೂ ನೌಕರರಲ್ಲಿ ಕೂಡಿಕೊಂಡ ಸ್ಥಿತಿಯೇ ಉದ್ಯೋಗದ ಅಭದ್ರತೆ. 1984ರಲ್ಲಿ ಈ ಪರಿಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟ ಗ್ರೀನ್‌ಹಾಲ್ಗ್ ಮತ್ತು ರೋಸೆನ್‌ಬ್ಲಾಟ್ ಒತ್ತು ನೀಡಿದ್ದು ಈ ಅಸಹಾಯಕತೆಗೇ. ಕೆಲಸ ಕಳೆದುಕೊಂಡವರು ಮುಂದಿನ ದಾರಿ ಹುಡುಕಲು ತೊಡಗಬಹುದು. ಅಭದ್ರತೆಯಲ್ಲಿರುವವರಾದರೋ ಇನ್ನೂ ನಡೆಯದ, ಬಹುಶಃ ನಡೆಯದೆಯೂ ಹೋಗಬಹುದಾದ ಘಟನೆಗೆ ಸಿದ್ಧರಾಗಿರಬೇಕಾಗುತ್ತದೆ.

ಈ ಕಾಯುವಿಕೆಯೇ ಆರೋಗ್ಯವನ್ನು ಕೆಡಿಸುತ್ತದೆಂಬುದಕ್ಕೆ ಬಲವಾದ ಆಧಾರ ದೊರೆತದ್ದು ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ. 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನವು 20 ಇಲಾಖೆಗಳ 10,308 ನೌಕರರ ಆರೋಗ್ಯವನ್ನು ದಾಖಲಿಸುತ್ತಿದ್ದ ಅವಧಿಯಲ್ಲೇ, ಅವುಗಳಲ್ಲೊಂದಾದ, ಸರ್ಕಾರಿ ಕಟ್ಟಡಗಳ ಹೊಣೆ ಹೊತ್ತ ಪ್ರಾಪರ್ಟಿ ಸರ್ವಿಸಸ್ ಏಜೆನ್ಸಿಯನ್ನು ಖಾಸಗಿಯವರಿಗೆ ಮಾರುವ ಮಾತು ಹುಟ್ಟಿತು. ಹೀಗಾಗಿ ಆ ಮಾತಿಗೆ ಮುಂಚಿನ ಮತ್ತು ನಂತರದ ಸ್ಥಿತಿಗಳನ್ನು ಹೋಲಿಸಿ ನೋಡುವ ಅಪರೂಪದ ಅವಕಾಶ ಸಂಶೋಧಕರಿಗೆ ತಾನಾಗಿ ಒದಗಿತು. ಜೇನ್ ಫೆರಿ, ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮಾರಾಟವನ್ನು ನಿರೀಕ್ಷಿಸುತ್ತಿದ್ದ ಹಂತದಲ್ಲೇ, ಅಂದರೆ ಮಾರಾಟ ಇನ್ನೂ ನಡೆದಿರದಿದ್ದಾಗಲೇ, ಈ ಏಜೆನ್ಸಿಯ ಪುರುಷ ನೌಕರರು ತಮ್ಮ ಆರೋಗ್ಯದ ಬಗ್ಗೆ ಕೊಟ್ಟ ವರದಿಗಳು ಬೇರೆ ಇಲಾಖೆಗಳವರ ವರದಿಗಳಿಗೆ ಹೋಲಿಸಿದರೆ ಹದಗೆಟ್ಟಿದ್ದವು. ಮಹಿಳೆಯರಲ್ಲಿ ಪರಿಣಾಮ ಅಷ್ಟು ಸ್ಪಷ್ಟವಾಗಿರಲಿಲ್ಲ.

ಕೆಲಸವೇ ಹೋಗುವ ಭಯವನ್ನು ಪರಿಮಾಣಾತ್ಮಕ ಅಭದ್ರತೆಯೆಂದೂ, ಕೆಲಸ ಉಳಿದರೂ ಹುದ್ದೆ, ಊರು ಬದಲಾಗುವ ಅಥವಾ ಬಡ್ತಿ ತಪ್ಪುವ ಭಯವನ್ನು ಗುಣಾತ್ಮಕ ಅಭದ್ರತೆಯೆಂದೂ ವಿಂಗಡಿಸುವುದು ವಾಡಿಕೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದಂತಹ ಸಂದರ್ಭಗಳಲ್ಲಿ ಕಾಡುವುದು ಹೆಚ್ಚಾಗಿ ಈ ಎರಡನೆಯದು. ವಿಲೀನದಿಂದ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲವೆಂಬ ಸರ್ಕಾರದ ಭರವಸೆ ಮೊದಲ ಭಯಕ್ಕೆ ಉತ್ತರವಾಗಬಲ್ಲದೇ ಹೊರತು, ಸೇವಾ ಜ್ಯೇಷ್ಠತೆ ಮತ್ತು ವರ್ಗಾವಣೆಯ ಪ್ರಶ್ನೆಗಳಿಗಲ್ಲ.

ಮ್ಯಾಗ್ನಸ್ ಸ್ವೆರ್ಕೆ ಮತ್ತು ಸಂಗಡಿಗರು 2002ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಭದ್ರತೆ ಹೆಚ್ಚಿದಂತೆ ಕೆಲಸದ ತೃಪ್ತಿ, ಸಂಸ್ಥೆಯ ಮೇಲಿನ ನಿಷ್ಠೆ, ಆಡಳಿತದ ಮೇಲಿನ ನಂಬಿಕೆ ಮೂರೂ ತಗ್ಗುವುದು, ಬಿಟ್ಟುಹೋಗುವ ಇಚ್ಛೆ ಬಲಿಯುವುದು ಕಂಡುಬಂದಿತು. ಬೇರೆಡೆ ಸುಲಭವಾಗಿ ಕೆಲಸ ಸಿಗುವ ಕುಶಲರೇ ಮೊದಲು ಹೊರಡುವ ಸಂಭವವಿರುವುದರಿಂದ ಇದು ಸಂಸ್ಥೆಗೂ ದುಬಾರಿ.

ಅಧಿಕೃತ ಮಾಹಿತಿ ಇಲ್ಲದ ಕಡೆ ಗಾಳಿಸುದ್ದಿ ಬೆಳೆದು ಈ ಅಭದ್ರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಮೆರಿಕದ ಶ್ವೈಗರ್ ಮತ್ತು ಡಿನೀಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಲೀನಕ್ಕೊಳಗಾದ ಕಂಪನಿಯ ಒಂದು ಕಾರ್ಖಾನೆಯ ನೌಕರರಿಗೆ ಬದಲಾವಣೆಯ ವಿವರಗಳನ್ನು ಸುದ್ದಿಪತ್ರ, ದೂರವಾಣಿ ಮತ್ತು ಸಭೆಗಳ ಮೂಲಕ ತಿಳಿಸುತ್ತಾ ಬರಲಾಯಿತು, ಇನ್ನೊಂದರಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ತಿಳಿಸಿದ ವಿವರಗಳಲ್ಲಿ ಅಹಿತಕರ ಸಂಗತಿಗಳೂ ಸೇರಿದ್ದವು. ಆದರೂ ಮೊದಲ ಕಾರ್ಖಾನೆಯಲ್ಲಿ ಅನಿಶ್ಚಿತತೆ ಹತೋಟಿಗೆ ಬಂದಿತು, ಎರಡನೆಯದರಲ್ಲಿ ಏರುತ್ತಲೇ ಹೋಯಿತು.