ಕೋಟೆಯ ಬಾಗಿಲು, ಕಚೇರಿಯ ಕಡತ

ಕಿತ್ತೂರಿನ ಕೋಟೆಯನ್ನು ನೋಡಬಂದವರು ಅರಮನೆಯ ಭಗ್ನ ಭಿತ್ತಿಗಳನ್ನೂ ಧ್ರುವತಾರೆಯನ್ನು ಕಾಣಲೆಂದು ಗೋಡೆಯಲ್ಲಿರಿಸಿದ ಕೊಳವೆಯನ್ನೂ ಕಂಡು ವಿಸ್ಮಯಪಡುತ್ತಾರೆ. ಆದರೆ ಇತಿಹಾಸದ ನಿರ್ಣಯವಾದದ್ದು ಬಾಗಿಲಿನಲ್ಲಿ. ವಾಸ್ತುವೈಭವವು ಅರಸರ ಸಂಪತ್ತನ್ನು ಸಾರೀತು. ಬಾಗಿಲನ್ನು ತೆರೆಯುವ, ಮುಚ್ಚುವ ಅಧಿಕಾರ ಯಾರದೆಂಬ ಪ್ರಶ್ನೆಯಾದರೋ ರಾಜಕಾರಣದ ಮೂಲ.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿಯು ತೀರಿಕೊಂಡನು. ದತ್ತಕವನ್ನು ಒಪ್ಪದ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಕಿತ್ತೂರಿನ ಭಂಡಾರಕ್ಕೆ ಮುದ್ರೆ ಹಾಕಿಸಿ ಕಾವಲಿಟ್ಟನು. ಅಕ್ಟೋಬರ್ 23ರಂದು ಚೆನ್ನಮ್ಮರಾಣಿಯ ಕಡೆಯವರು ಕೋಟೆಯ ಬಾಗಿಲನ್ನು ಭದ್ರಪಡಿಸಿದರು. ತೋಪುಗಳಿಂದ ಅದನ್ನು ಒಡೆಯಿಸಲು ಅವನು ಸನ್ನದ್ಧನಾಗಿರುವಾಗಲೇ ಬಾಗಿಲು ಒಳಗಿನಿಂದ ತೆರೆಯಿತು. ಹೊರನುಗ್ಗಿದ ಕಿತ್ತೂರ ದಂಡಿನ ಕೈಯಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯಳಾದಳು.

ಕೋಟೆ ಕೈಬಿಟ್ಟ ಮೇಲೆ ಬಂಡಾಯಕ್ಕೆ ಗುರಿಯಾವುದು? ಸಂಗೊಳ್ಳಿ ರಾಯಣ್ಣನು ಇದಕ್ಕೆ ಉತ್ತರವಿತ್ತನು. 1830ರಲ್ಲಿ ಅವನ ಪಡೆಯು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಇನಾಂ ಭೂಮಿಗಳು ಕೈತಪ್ಪಿ ಕಂದಾಯದ ಭಾರ ಬಿದ್ದಿದ್ದ ಕಾಲವದು. ಶಿಲ್ಪದ ಸೊಬಗಿಲ್ಲದ ಆ ಕಟ್ಟಡದ ಕಡತಗಳಲ್ಲಿಯೇ ಒಕ್ಕಲಿಗನ ಹೊಲದ ಹಣೆಬರಹ ಅಡಗಿತ್ತು. ಅರಮನೆಗಿಂತಲೂ ಕಚೇರಿಯೇ ಹೊಸ ಆಳ್ವಿಕೆಯ ಮರ್ಮಸ್ಥಾನವೆಂಬುದನ್ನು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನು ಚೆನ್ನಾಗಿ ಅರಿತಿದ್ದನು.

ನೂರು ವರ್ಷಗಳು ಕಳೆದ ಮೇಲೆ ನೆರೆಯ ರಾಮದುರ್ಗ ಸಂಸ್ಥಾನದಲ್ಲಿ ಅದೇ ಪ್ರಶ್ನೆ ಮರಳಿ ಎದ್ದಿತು. ತೆರಿಗೆ ಇಳಿಸಬೇಕೆಂದು ಪ್ರಜಾಸಂಘ ಹೋರಾಡುತ್ತಿತ್ತು. ಮುಖಂಡರ ಬಂಧನದಿಂದ ಕೆರಳಿದ ಜನರು 1939ರ ಏಪ್ರಿಲ್ 7ರಂದು ಸೆರೆಮನೆಗೆ ನುಗ್ಗಿದರು. ಪೊಲೀಸರು ಹತರಾದರು; ಮುಂದೆ ಹೋರಾಟಗಾರರಲ್ಲಿ ಕೆಲವರು ಗಲ್ಲಿಗೇರಿದರು. ಬಾಗಿಲೊಡೆದ ಮಾತ್ರಕ್ಕೆ ನ್ಯಾಯವು ಒಳಬರುವುದಿಲ್ಲವೆಂಬ ಕಟುಪಾಠವೂ ಇಲ್ಲಿದೆ.

ಸ್ಥಾವರ-ಜಂಗಮಗಳ ವಿವೇಚನೆಯನ್ನು ಬಲ್ಲ ವಾಚಕರಿಗೆ ಇದರ ಅರ್ಥ ದೂರವಲ್ಲ. ಕಟ್ಟಡವು ತನ್ನಷ್ಟಕ್ಕೆ ಪ್ರಭುತ್ವದ ಪರವೂ ಅಲ್ಲ, ಪ್ರಜೆಯ ಪರವೂ ಅಲ್ಲ. ಅದರೊಳಗೆ ನಡೆಯುವ ವ್ಯವಹಾರವೇ ಅದಕ್ಕೆ ಅರ್ಥವನ್ನೀಯುತ್ತದೆ. 2022ರಲ್ಲಿ ಕಿತ್ತೂರ ಅರಮನೆಯ ಪ್ರತಿಕೃತಿಯನ್ನು ಬೇರೆಡೆ ಕಟ್ಟುವ ಸರಕಾರದ ಯೋಜನೆಗೆ ಊರವರು ಪ್ರತಿಭಟಿಸಿದರು. ಅದನ್ನು ಬರಿಯ ಊರಭಿಮಾನವೆಂದು ತಳ್ಳಿಹಾಕುವುದು ಉಚಿತವಲ್ಲ. ಹೊಸ ಅರಮನೆಯನ್ನು ಎಲ್ಲಿಯಾದರೂ ಕಟ್ಟಬಹುದು. ಬಾಗಿಲು ಮುಚ್ಚಿ, ತಾವಾಗಿ ತೆರೆದು ಹೊರಬಂದವರ ನೆಲ ಒಂದೇ. ಆ ನೆಲದ ಗೋಡೆಗಳನ್ನು ಮಳೆಗಾಳಿಗೆ ಕರಗಗೊಡದೆ ಉಳಿಸಿಕೊಳ್ಳುವುದೇ ಮೊದಲ ಕರ್ತವ್ಯ.